ನನ್ನನ್ನು ಯಾಕೆ ಒಪ್ಪಬಾರದು

ಹೆಣ್ಣು ನೋಡಲು ಹೋದ ಗಂಡಿಗೆ ಬೀಳುವ ಪ್ರಶ್ನೆಗಳು ಸಾಮಾನ್ಯವಾಗಿ ಗೊತ್ತಿರುವಂಥವೇ. ಆಕಿಬ್ ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಬಂದಿದ್ದ. ಕೋಟೆ ರಸ್ತೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ, ಸ್ವಂತ ಮನೆ, ಸಿಗರೇಟಿನ ಚಟವಿಲ್ಲ. ಫಲಕ್ ಇದ್ಯಾವುದನ್ನೂ ಕೇಳಲಿಲ್ಲ.

"ನಾನು ನಿಮ್ಮನ್ನ ಯಾಕೆ ಒಪ್ಪಬಾರದು, ಹೇಳಿ," ಎಂದಳು.

ಒಳಗೆ ಹಿರಿಯರ ಮಾತು ದಖನಿ ಉರ್ದುವಿನಲ್ಲಿ ನಡೆದಿತ್ತು. ಜಗಲಿಯಲ್ಲಿದ್ದ ಇವರಿಬ್ಬರು ಕನ್ನಡಕ್ಕೆ ಹೊರಳಿದ್ದರು. ಫಲಕ್ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿ. ವಾದಕ್ಕೆ ನಿಂತರೆ ಅವಳ ಬಾಯಿಗೆ ಬರುತ್ತಿದ್ದದ್ದು ತರಗತಿಯ ಭಾಷೆಯೇ. ಜಗಲಿಯ ಆಚೆ ತುದಿಯಲ್ಲಿ ಅವಳ ಅಬ್ಬಾ, ಕಾರ್ಖಾನೆಯಿಂದ ನಿವೃತ್ತರಾದ ಹಯಾತ್ ಸಾಹೇಬರು, ಪೇಪರ್ ಹಿಡಿದು ಕೂತಿದ್ದರು. ಮಾತು ಶುರುವಾದಾಗಿನಿಂದ ಅವರು ಹಾಳೆ ಮಗುಚಿರಲಿಲ್ಲ.

ಆಕಿಬ್ ಗಂಟಲು ಸರಿಮಾಡಿಕೊಂಡ. ತನಗೆ ಮುಂಗೋಪ, ಆದರೆ ಬೇಗ ಇಳಿದುಹೋಗುತ್ತದೆ ಎಂದ. ಕೆಲಸಕ್ಕೆ ಕೂತರೆ ಊಟ ಮರೆಯುತ್ತೇನೆ ಎಂದ. ಸುಳ್ಳು ಹೇಳಲು ಬರುವುದಿಲ್ಲ, ಅದರಿಂದ ವ್ಯಾಪಾರಕ್ಕೆ ಪೆಟ್ಟು ಎಂದೂ ಸೇರಿಸಿದ. ಹೇಳುತ್ತ ಹೇಳುತ್ತ ಅವನಿಗೇ ತಾನು ಬಹಳ ಒಳ್ಳೆಯವನೆನ್ನಿಸಿತು.

ಫಲಕ್‌ಳ ಎಡ ಹುಬ್ಬು ಒಂದಿಷ್ಟು ಮೇಲಕ್ಕೆ ಹೋಯಿತು. ನಗುವನ್ನು ಅವಳು ತುಟಿಗೆ ಬಿಡದೆ ಹುಬ್ಬಿನಲ್ಲೇ ಮುಗಿಸುತ್ತಿದ್ದಳು.

"ಇದು ಪ್ರತಿವಾದ ಅಲ್ಲ, ನಿಮಗೆ ನೀವೇ ಹಾರ ಹಾಕ್ಕೊಂಡಿದ್ದು. ಬೆದರುಬೊಂಬೆ ನಿಲ್ಲಿಸಿ ಅದಕ್ಕೇ ಹೊಡೆದು ಗೆದ್ದೆ ಅಂತೀರಲ್ಲ."

ಅವನಿಗೆ ಅವಮಾನವಾಗಬೇಕಿತ್ತು. ಆದದ್ದು ಬೇರೆ. ಅಷ್ಟು ಗಮನವಿಟ್ಟು ತನ್ನ ಮಾತನ್ನು ಇದುವರೆಗೆ ಯಾರೂ ಕೇಳಿಸಿಕೊಂಡಿರಲಿಲ್ಲ ಎನ್ನಿಸಿತು. ಅವಳ ದುಪಟ್ಟಾದ ಅಂಚಿಗೆ ಸೀಮೆಸುಣ್ಣ ಮೆತ್ತಿತ್ತು, ಕಾಲೇಜಿನಿಂದ ನೇರ ಬಂದು ಕೂತಿದ್ದಳು. ಅವನಿಗೆ ಅವಳ ಮೇಲೆ ಮನಸ್ಸಾದದ್ದು ಆಗಲೇ.

ಪ್ರತಿ ಶನಿವಾರ ಅವಳು ಕಾಲೇಜಿನ ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುತ್ತಿದ್ದಳಂತೆ. ಪೇಪರಿನ ಒಂದು ಸಂಪಾದಕೀಯ ಕೊಟ್ಟು, ಇದರಲ್ಲಿ ಏನು ಹೇಳಿಲ್ಲ, ಹೇಳದೆ ಬಿಟ್ಟದ್ದರಿಂದ ಯಾರಿಗೆ ಅನುಕೂಲ ಎಂದು ಹುಡುಕಿಸುತ್ತಿದ್ದಳು. ಎದುರು ಪಕ್ಷದವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಲು ಬಂದ ಮೇಲೇ ಉತ್ತರ ಕೊಡಲು ಅಪ್ಪಣೆ. ಆಕಿಬ್‌ಗೂ ಅದೇ ಮನೆಗೆಲಸ ಸಿಕ್ಕಿತು. ವಾಟ್ಸಾಪ್‌ನಲ್ಲಿ ಅವನ ಮನೆಯವರು ಕಳಿಸಿದ್ದ ಬಯೋಡೇಟಾವನ್ನು, ಫಲಕ್‌ಳ ಪರ ವಕೀಲನ ಹಾಗೆ ಓದಿಕೊಂಡು ಬರಬೇಕು.

ಹೊರಡುವಾಗ ಫಲಕ್‌ಳ ಮನೆಯವರು ಹುಡುಗನ ಅಮ್ಮಿ ಯಾಕೆ ಬರಲಿಲ್ಲ ಎಂದು ಮತ್ತೊಮ್ಮೆ ವಿಚಾರಿಸಿದರು. ಆಕಿಬ್‌ನ ಅಕ್ಕ ಅತೀಕಾ ಥಟ್ಟನೆ, ಮಂಡಿ ನೋವು, ಬಸ್ಸು ಹತ್ತಲಾಗಲಿಲ್ಲ ಎಂದಳು. ಆಕಿಬ್ ತಲೆಬಗ್ಗಿಸಿ ಲೋಟದ ತಳದ ಚಹಾ ಮುಗಿಸಿದ.

ಮುಂದಿನ ವಾರ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಅವನು ಬಯೋಡೇಟಾ ತೆರೆದು ನೋಡಿದ. ಮೊದಲು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಕ್ಕ ಚೆನ್ನಾಗಿಯೇ ಬರೆದಿದ್ದಳು. ಅಂತೂ ಒಂದಿಷ್ಟು ಮುಂಗೋಪ, ಒಂದಿಷ್ಟು ಸೋಮಾರಿತನ ಜೋಡಿಸಿಕೊಂಡು ಶುಕ್ರವಾರ ನಮಾಜು ಮುಗಿದ ಮೇಲೆ ಬೈಕ್ ಹತ್ತಿದ. ಭದ್ರಾವತಿಯ ದಾರಿಯಲ್ಲಿ ಮಲವಗೊಪ್ಪದ ಹತ್ತಿರ ಟೀ ಕುಡಿಯಲು ನಿಂತು ಮತ್ತೊಮ್ಮೆ ಫೋನ್ ತೆಗೆದ.

'ತಾಯಿ: ಮೆಹಬೂಬ್ ಬೀ, ಗೃಹಿಣಿ' ಎಂದಿತ್ತು. ಅಷ್ಟೇ. ಕೆಳಗೆ, 'ತಾಳ್ಮೆಯುಳ್ಳ, ಹಿರಿಯರ ಸೇವೆ ಮಾಡುವ ಹುಡುಗಿ ಬೇಕು.' ಸ್ಪೇರ್ ಪಾರ್ಟ್ಸ್ ಅಂಗಡಿಯವನ ಹೆಂಡತಿಗೆ ಅಷ್ಟೊಂದು ತಾಳ್ಮೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ? ಆಕಿಬ್ ಟೀ ಅರ್ಧಕ್ಕೆ ಬಿಟ್ಟ. ಬೈಕನ್ನು ಶಿವಮೊಗ್ಗದ ಕಡೆಗೇ ತಿರುಗಿಸಿದ.

ಮನೆಯಲ್ಲಿ ಅತೀಕಾ ಅಮ್ಮಿಗೆ ಗಂಜಿ ಕುಡಿಸುತ್ತಿದ್ದಳು. ನೀನು ದಾವಣಗೆರೆಗೆ ಯಾವಾಗ ಹೊರಡೋದು ಎಂದು ಕೇಳಿದ. ಗಂಡ ಜಮ್ಶೀದ್‌ಗೆ ಅಲ್ಲಿ ಕೆಲಸ ಸಿಕ್ಕಿ ಆಗಲೇ ಬಹಳ ದಿನವಾಗಿತ್ತು. ಅಕ್ಕ ಆಶ್ಚರ್ಯದಿಂದ ಅವನನ್ನು ನೋಡಿ, "ನಿನ್ನ ಮದುವೆ ಆಗ್ಲಿ ಅಂತಾನೇ ಕಾಯ್ತಿರೋದು. ಇನ್ನೇತಕ್ಕೆ ಅಂದ್ಕೊಂಡಿದ್ದೆ?" ಎಂದಳು. ಅವಳು ಕೋಪದಿಂದ ಹೇಳಲಿಲ್ಲ. ಅವನಿಗೂ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

ಭಾನುವಾರ ಅವನು ಒಬ್ಬನೇ ಭದ್ರಾವತಿಗೆ ಹೋದ. ಅದೇ ಜಗಲಿ, ಅದೇ ಪೇಪರ್, ಅದೇ ಹಯಾತ್ ಸಾಹೇಬರು. ಹೇಳಿದರೆ ಇವಳು ಕೈತಪ್ಪುತ್ತಾಳೆ ಎಂದು ದಾರಿಯುದ್ದಕ್ಕೂ ಅನ್ನಿಸಿತ್ತು. ಹೇಳದೆ ಇದ್ದರೆ ಬಹುಶಃ ತಿಂಗಳೊಪ್ಪತ್ತಿನಲ್ಲಿ ನಿಕಾಹ್ ಆಗಿಬಿಡುತ್ತಿತ್ತು.

"ನೀವು ನನ್ನನ್ನ ಒಪ್ಪಬಾರದು," ಎಂದ. "ಅಮ್ಮಿಗೆ ಮಂಡಿ ನೋವಲ್ಲ. ಸ್ಟ್ರೋಕ್ ಆಗಿದೆ. ಬಲಗೈ ಬಲಗಾಲು ಆಡಲ್ಲ, ಮಾತು ತೊದಲುತ್ತೆ. ಇಷ್ಟು ದಿನ ಆಪಾ ನೋಡ್ಕೊಂಡ್ಲು, ಈಗ ಅವಳು ದಾವಣಗೆರೆಗೆ ಹೋಗ್ಬೇಕು. ನಮ್ಮ ಮನೆಗೆ ಬೇಕಾಗಿರೋದು ಸೊಸೆ ಅಲ್ಲ, ಆಪಾ ಜಾಗಕ್ಕೆ ಒಬ್ಬರು. ನೀವು ಬಂದ್ರೆ ಮೊದಲು ರಜಾ ಹಾಕ್ತೀರಿ, ಆಮೇಲೆ ಕೆಲಸ ಬಿಡ್ತೀರಿ. ಯಾರೂ ಬಿಡು ಅಂತ ಹೇಳಲ್ಲ. ಹೇಳ್ದೇನೇ ಬಿಡೋ ಹಾಗಾಗುತ್ತೆ."

ಫಲಕ್‌ಳ ಹುಬ್ಬು ಏರಲಿಲ್ಲ.

"ಇದು ನಿಮ್ಮ ಅಕ್ಕನ ಲೆಕ್ಕಾಚಾರ. ನಿಮ್ದು?"

"ನಂದೂ ಅದೇ. ಓದಿದ ಹುಡುಗಿ ಅಂತ ಒಪ್ಪಿದೆ ಅಂದ್ಕೊಂಡಿದ್ದೆ. ಓದಿದವಳಾದ್ರೆ ಮಾತ್ರೆಗಳನ್ನ ಸರಿಯಾಗಿ ಕೊಡ್ತಾಳೆ ಅಂತ ಒಳಗೊಳಗೇ ಅನ್ಕೊಂಡಿದ್ದೆ. ಮಂಡಿ ನೋವು ಅಂತ ಆಪಾ ಅಂದಾಗ ನಾನೂ ಸುಮ್ಮನಿದ್ದೆ."

ಫಲಕ್ ಅವನನ್ನೇ ನೋಡುತ್ತಿದ್ದಳು. ಮೊದಲ ದಿನದ ತುಂಟತನ ಆ ನೋಟದಲ್ಲಿರಲಿಲ್ಲ. ಅವನಿಗೆ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು, ಆದರೂ ಕಣ್ಣು ತೆಗೆಯಲಿಲ್ಲ.

"ಇದಕ್ಕೆ ನಿಮ್ಮ ಉತ್ತರ ಏನು?"

"ಇಲ್ಲ."

"ಹಾಗಾದ್ರೆ ಮದುವೆ ಪರವಾದ ನಿಮ್ಮ ವಾದ ಬಿತ್ತು," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅವಳಿಗೆ ಬೇಸರವಾಗಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಗೇಟಿನ ತನಕ ಅವಳೇ ಬಂದಳು. ಅವನು ಬೈಕ್ ಸ್ಟಾರ್ಟ್ ಮಾಡುವ ಮೊದಲು, ಪ್ರತಿವಾದ ನಿಜವಾಗಿಯೂ ಗಟ್ಟಿಯಿದ್ದರೆ ಅದನ್ನು ಹೊಡೆದುಹಾಕಲು ಹೋಗಬಾರದು, ತನ್ನ ವಾದವನ್ನೇ ತಿದ್ದಿಕೊಳ್ಳಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ ಎಂದಳು. ಅವನು ಹೂಂ ಎಂದ. ಅದು ಬೀಳ್ಕೊಡುಗೆಯೋ ಪಾಠವೋ ಅವನಿಗೆ ತಿಳಿಯಲಿಲ್ಲ.

ಅತೀಕಾ ಮನೆಯಲ್ಲಿ ರಂಪ ಮಾಡಿದಳು. ಇಂಥ ಪೆದ್ದನನ್ನು ಎಲ್ಲೂ ಕಂಡಿಲ್ಲ ಎಂದಳು. ಆಕಿಬ್ ಎದುರಾಡಲಿಲ್ಲ. ನೀನು ಹೊರಡು, ಅಮ್ಮಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಅವಳು ನಂಬಲಿಲ್ಲ, ಆದರೂ ಹೊರಟಳು.

ಸ್ನಾನ ಮಾಡಿಸಲು, ಮಧ್ಯಾಹ್ನ ಜೊತೆಗಿರಲು ಯಲ್ಲಮ್ಮ ಎಂಬಾಕೆಯನ್ನು ಗೊತ್ತುಮಾಡಿದ. ಉಳಿದದ್ದೆಲ್ಲ ತಾನೇ. ಗಂಜಿ ತಳ ಹಿಡಿಯಿತು. ಗೋಡೆ ಹಿಡಿದು ಅಮ್ಮಿಯನ್ನು ನಡೆಸುವಾಗ ಇಬ್ಬರೂ ಬೈದಾಡಿಕೊಂಡರು. ಕೋಟೆ ರಸ್ತೆಯ ಅಂಗಡಿ ತಡವಾಗಿ ತೆರೆಯತೊಡಗಿತು, ಬೆಳಿಗ್ಗೆಯ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು. ಫಲಕ್‌ಗೆ ಇದನ್ನೆಲ್ಲ ಮೆಸೇಜ್ ಮಾಡಬೇಕೆಂದು ಅವನಿಗೆ ಅನೇಕ ಸಲ ಅನ್ನಿಸಿತು. ಮತ್ತೆ ತನಗೆ ತಾನೇ ಹಾರ ಹಾಕಿಕೊಂಡ ಹಾಗಾಗುತ್ತದೆಂದು ಸುಮ್ಮನಾದ. ಅವಳ ನೆನಪು ಮಾತ್ರ ಸುಮ್ಮನಿರಲಿಲ್ಲ. ಗಂಜಿ ತಿರುವುವಾಗಲೂ ಆ ಹುಬ್ಬು ಕಣ್ಣ ಮುಂದೆ ಬರುತ್ತಿತ್ತು.

ದಸರಾ ರಜೆ ಶುರುವಾದ ದಿನ ಬಾಗಿಲು ತಟ್ಟಿದ ಸದ್ದಾಯಿತು. ಹಯಾತ್ ಸಾಹೇಬರು ನಿಂತಿದ್ದರು. ಸ್ಕೂಟರಿನ ಕ್ಲಚ್ ಕೇಬಲ್ ಬೇಕಿತ್ತು, ಅಂಗಡಿ ಮುಚ್ಚಿತ್ತು, ಪಕ್ಕದವರು ಮನೆ ತೋರಿಸಿದರು ಎಂದರು. ಪಕ್ಕದಂಗಡಿಯಲ್ಲೂ ಕೇಬಲ್ ಸಿಗುತ್ತದೆ ಎಂದು ಆಕಿಬ್ ಹೇಳಬಹುದಿತ್ತು. ಅವರ ಹಿಂದೆ ಫಲಕ್ ಇದ್ದಳು.

"ಒಂದು ಕಡೆಯವರ ಮಾತಷ್ಟೇ ಕೇಳಿ ತೀರ್ಮಾನ ಮಾಡಿಬಿಟ್ಟಿದ್ದೆ," ಎಂದಳು. "ಅಮ್ಮಿಯನ್ನ ಕೇಳೋಣ ಅಂತ ಬಂದೆ."

ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಮೆಹಬೂಬ್ ಬೀ ಕೂತಿದ್ದರು. ಅರ್ಧ ಹೆಣೆದ ಜಡೆ ಬೆನ್ನ ಮೇಲಿತ್ತು. ಆಕಿಬ್‌ನ ಎರಡೂ ಕೈಗೆ ಕೊಬ್ಬರಿ ಎಣ್ಣೆ ಮೆತ್ತಿತ್ತು. ಫಲಕ್ ಸಲಾಂ ಹೇಳಿ, ಎದುರಿನ ಮಂಚದ ಮೇಲೆ ಕೂತು, ಮಗ ಹೇಗೆ ನೋಡಿಕೊಳ್ಳುತ್ತಾನೆ ಎಂದು ದಖನಿಯಲ್ಲಿ ಕೇಳಿದಳು. ಅಮ್ಮಿ ತೊದಲುತ್ತಾ, ಸಾವಕಾಶವಾಗಿ ದೂರು ಹೇಳಿದರು. ಗಂಜಿಗೆ ಉಪ್ಪು ಹಾಕುವುದಿಲ್ಲ. ಬಾಚುವಾಗ ಕೂದಲು ಎಳೆಯುತ್ತಾನೆ. ಬೆಳಿಗ್ಗೆ ಬೈಯುತ್ತಾನೆ, ಸಂಜೆ ಬಂದು ಕಾಲು ಒತ್ತುತ್ತಾನೆ.

ಆಕಿಬ್ ನಾಚಿಕೊಂಡು ಜಡೆಗೆ ಕೈ ಹಾಕಿದ. ಅದು ಅರ್ಧದಾರಿಯಲ್ಲೇ ಎಡಕ್ಕೆ ವಾಲಿತ್ತು. ಫಲಕ್‌ಳ ಕೈ ತಾನಾಗಿಯೇ ಮುಂದೆ ಬಂದದ್ದನ್ನು ಅವನು ಕಂಡ. ಅಷ್ಟರಲ್ಲಿ ಅವಳು ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಇನ್ನೊಂದು ಕೈಯನ್ನೂ ಹಾಗೆಯೇ ಇಟ್ಟುಕೊಂಡಳು.

"ಸೊಟ್ಟ ಆಗಿದೆ. ಮೂರು ಎಳೆ ಸಮ ಮಾಡ್ಕೊಂಡಿಲ್ಲ ನೀವು. ಬಿಚ್ಚಿ, ಮೊದಲಿಂದ ಹಾಕಿ."

ಅವನು ಬಿಚ್ಚಿದ. ಅವಳು ಕೂತಲ್ಲಿಂದಲೇ ಹೇಳಿಕೊಟ್ಟಳು, ಅವನು ಹೆಣೆದ. ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿದಾಗ ಜಡೆ ಸುಮಾರಾಗಿ ನೆಟ್ಟಗಿತ್ತು. ಮೆಹಬೂಬ್ ಬೀ ಎಡಗೈಯನ್ನು ಹಿಂದಕ್ಕೆ ಒಯ್ದು ಮುಟ್ಟಿ ನೋಡಿ ಹೂಂ ಎಂದರು. ಹಯಾತ್ ಸಾಹೇಬರು ಟೀಪಾಯಿಯ ಮೇಲಿನ ಹಳೇ ಪೇಪರ್ ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದರು.

"ಮದುವೆ ಆದ್ಮೇಲೂ ಈ ಜಡೆ ನಿಮ್ದೇ," ಎಂದಳು ಫಲಕ್. "ನಾನು ದಿನಾ ಬೆಳಿಗ್ಗೆ ಕಾಲೇಜಿಗೆ ಭದ್ರಾವತಿ ಬಸ್ ಹಿಡೀಬೇಕು."

ಆಕಿಬ್ ಎಣ್ಣೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. ಇದಕ್ಕೆ ಪ್ರತಿವಾದ ಏನೂ ಇಲ್ಲವಾ ಎಂದು ಕೇಳಿದ. ಎಡ ಹುಬ್ಬು ಮೆಲ್ಲಗೆ ಮೇಲೇರಿತು, ಈ ಸಲ ನಗು ತುಟಿಗೂ ಇಳಿಯಿತು.

"ಬೇಕಾದಷ್ಟಿದೆ. ನಿಮ್ಮ ಜೊತೆ ಇದ್ದುಕೊಂಡೇ ಒಂದೊಂದಾಗಿ ಹೇಳ್ತೀನಿ. ಮೊದಲು ಹೋಗಿ ಗಂಜಿಗೆ ಉಪ್ಪು ಹಾಕಿ."

ಅವನು ಅಡುಗೆಮನೆಗೆ ಹೋಗಿ ಉಪ್ಪು ಹಾಕಿದ.