ರಾಕಿಯ ಕೊರಳಿಗೆ ಕಟ್ಟಿದ ಹುಂಜ

"ಅದ್ರ ಕಾಲಿಗೆ ಅರಿಶಿನದ ದಾರ ಇತ್ತಲ್ಲ ಸಾವ್ಕಾರ್ರೆ, ಕಾಣ್ಲಿಲ್ವಾ ನಿಮ್ಗೆ? ಚೌಡಮ್ಮಂಗೆ ಬಿಟ್ಟ ಹುಂಜ ಅದು."

ತೋಟದ ಕೂಲಿಯಾಳು ಹುಚ್ಚಮ್ಮ ಕೂಗಾಡಲಿಲ್ಲ. ಕಾಫಿ ಕಣದ ಅಂಚಿನಲ್ಲಿ ನಿಂತು ಒಂದೊಂದೇ ಮಾತನ್ನು ಕಲ್ಲು ಎತ್ತಿಟ್ಟ ಹಾಗೆ ಆಡಿದಳು. ಎದುರಿಗೆ ವೀರೇಂದ್ರ. ಚಿಕ್ಕಮಗಳೂರು ಪೇಟೆಯ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬಾಳೂರಿನ ಈ ತೋಟ ಕೊಂಡು ಇನ್ನೂ ಐದು ತಿಂಗಳು. ಅವನ ಕೈಯಲ್ಲಿ ಕುತ್ತಿಗೆ ಮುರಿದ ಕೆಂಪು ಹುಂಜ, ಕಾಲ ಬುಡದಲ್ಲಿ ಮೂತಿಗೆ ಗರಿ ಮೆತ್ತಿಕೊಂಡ ಅವನ ನಾಯಿ ರಾಕಿ. ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಕೋಳಿಗಳಲ್ಲಿ ಅದು ಕೊಂದ ನಾಲ್ಕನೆಯದು ಇದು.

"ನಾಯಿ ಕಟ್ಟಿಹಾಕಿ ಅಂತ ಮೂರು ಸಲ ಬಂದು ಹೇಳ್ದೆ. ನಕ್ಕು ಕಳಿಸಿದ್ರಿ. ಮಗಳ ಹೆರಿಗೆ ಸುಸೂತ್ರ ಆಗ್ಲಿ ಅಂತ ಹರಸ್ಕೊಂಡಿದ್ದು ಇದು. ಕೊಡಿ ಇತ್ಲಾಗೆ, ಚೌಡಿ ಕಲ್ಲಿನ ಹತ್ರ ಹೂಳ್ತೀನಿ. ನೀವೂ ಬಂದು ತಪ್ಪಾಯ್ತು ಅನ್ನಿ. ಅಮ್ಮ ಕೇಳೋದು ಅಷ್ಟೇ."

"ಆ ಕಲ್ಲಿಗೆ ಕಿವಿ ಎಲ್ಲಿದೆ ತೋರ್ಸು, ಹೇಳ್ತೀನಿ."

ಕೋಳಿ ಹಿಡಿಯುವ ನಾಯಿಯ ಕೊರಳಿಗೆ ಅದೇ ಕೊಂದ ಕೋಳಿಯನ್ನು ಕಟ್ಟಿ, ಕೊಳೆತು ಉದುರುವ ತನಕ ಬಿಟ್ಟರೆ ಜನ್ಮದಲ್ಲಿ ಮತ್ತೆ ಕೋಳಿ ಮೂಸುವುದಿಲ್ಲವಂತೆ. ಸೀಮೆಯ ಹಳೇ ಮದ್ದು. ವೀರೇಂದ್ರ ಎಲ್ಲರ ಎದುರೇ ರಾಕಿಯನ್ನು ಮಂಡಿಯ ಕೆಳಗೆ ಅದುಮಿ, ನೈಲಾನ್ ಹಗ್ಗದಲ್ಲಿ ಹುಂಜವನ್ನು ಬಿಗಿದ.

ಕಾಫಿ ಹರಡುತ್ತಿದ್ದ ಮೇಸ್ತ್ರಿ ಲಕ್ಕಯ್ಯ ಕೆಲಸ ನಿಲ್ಲಿಸಿದ. "ಬೇರೆ ಕೋಳಿ ಆಗಿದ್ರೆ ಸರಿ. ಹರಕೆದನ್ನ ಕಟ್ಬಾರ್ದು ಸಾವ್ಕಾರ್ರೆ. ಕಟ್ಟಿದವ್ರಿಗೇ ಸುತ್ಕೊಳತ್ತೆ."

"ನಿನ್ ಕೆಲ್ಸ ನೋಡು ಮಾರಾಯ."

ಹುಚ್ಚಮ್ಮ ಬಗ್ಗಿ ಒಂದು ಹಿಡಿ ಮಣ್ಣೆತ್ತಿದಳು. "ಅಮ್ಮ ಕೇಳಿದ್ದು ಒಂದೇ ಮಾತು. ಕೊಡಲ್ಲ ಅಂದ್ರಿ. ಇಟ್ಕೊಳ್ಳಿ. ನಿಮ್ಗೆ ಬೇಕು ಅಂದಾಗ ಆ ಮಾತು ಸಿಗದೆ ಹೋಗ್ಲಿ." ಮಣ್ಣು ಅವನ ಪಾದದ ಮೇಲೆ ಬಿತ್ತು. ವೀರೇಂದ್ರ ಜಾಡಿಸಿಕೊಂಡು ನಕ್ಕ.

ಮೂರನೇ ದಿನಕ್ಕೆ ನಾತ ಎದ್ದಿತು. ಕಾಫಿ ಸಿಪ್ಪೆಯ ಹುಳಿ ವಾಸನೆಯ ಅಡಿಯಿಂದ ಇನ್ನೊಂದು, ಸಿಹಿಸಿಹಿಯಾಗಿ ಗಂಟಲಿಗೆ ಅಂಟುವಂಥದ್ದು. ರಾಕಿ ಅನ್ನ ಮುಟ್ಟಲಿಲ್ಲ, ಕುಂಯ್‌ಗುಟ್ಟಲಿಲ್ಲ. ಹೆಂಡತಿ ರಜನಿ ಮೂಗಿಗೆ ಸೆರಗು ಹಿಡಿದೇ ಒಲೆಯ ಮುಂದೆ ನಿಂತಿದ್ದಳು. "ಬಿಚ್ಚಾಕಿ ಅಂದ್ರೆ ಹಟ ನಿಮ್ಗೆ. ಹೋಗಿ ಒಂದ್ ಮಾತು ಹೇಳಿದ್ರೆ ಗಂಟೇನು ಹೋಗತ್ತೆ?"

"ಆಳುಗಳ ಕಾಲು ಹಿಡೀಲಾ?"

ಮಧ್ಯಾಹ್ನ ಮಂಜು ಇಳಿಯಿತು. ಕಣ ಮುಳುಗಿತು. ಜೀರುಂಡೆಗಳು ಒಮ್ಮೆಲೇ ಬಾಯಿ ಮುಚ್ಚಿದವು. ಆಗ ಹುಂಜ ಕೂಗಿತು.

ಲೈನಿನಲ್ಲಿ ಹುಂಜವೇ ಉಳಿದಿರಲಿಲ್ಲ.

ಮತ್ತೆ ಕೂಗಿತು. ಹತ್ತಿರದಿಂದ. ಕಾಫಿ ಗಿಡಗಳ ನಡುವಿಂದ ರಾಕಿ ನಡೆದು ಬಂತು. ತಲೆ ತಗ್ಗಿತ್ತು. ಬಾಯಿ ಮುಚ್ಚಿತ್ತು. ಅದರ ಕೊರಳಲ್ಲಿ ಹುಂಜದ ಮುರಿದ ಕುತ್ತಿಗೆ ಎದ್ದು ನಿಂತಿತ್ತು. ಕಣ್ಣಿನ ತೂತುಗಳಲ್ಲಿ ಹುಳ. ಕೊಕ್ಕು ತೆರೆಯಿತು. ಕೂಗಿತು.

ವೀರೇಂದ್ರ ಕತ್ತಿ ಹಿಡಿದು ನುಗ್ಗಿದ. ಹಗ್ಗ ಹಿಡಿದ. ಕೊಯ್ದ. ಗಂಟು ಬಿಗಿಯಿತು. ರಾಕಿಯದಲ್ಲ, ಅವನ ಗಂಟಲು ಬಿಗಿಯಿತು. ಇನ್ನೊಮ್ಮೆ ಕೊಯ್ದ. ಉಸಿರಿಲ್ಲ. ಇನ್ನೊಮ್ಮೆ. ಹಗ್ಗ ಹರಿಯಿತು. ಹುಂಜ ನೆಲಕ್ಕೆ ಬಿತ್ತು, ಬರೀ ಹೆಣವಾಗಿ. ಉಸಿರು ಬಂತು. ಗಂಟಲೊಳಗೆ ಏನೋ ರೆಕ್ಕೆ ಬಡಿಯಿತು.

ಹುಂಜದ ಹೆಣವನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಲೈನಿಗೆ ಓಡಿದ. ಹಿಂದೆ ರಜನಿ, ಅವಳ ಹಿಂದೆ ರಾಕಿ. ಹುಚ್ಚಮ್ಮ ಬಾಗಿಲಲ್ಲೇ ನಿಂತಿದ್ದಳು.

"ಹೇಳ್ರೀ," ರಜನಿ ಅವನ ಬೆನ್ನು ನೂಕಿದಳು. "ತಪ್ಪಾಯ್ತು ಅನ್ರೀ."

ಅವನಿಗೆ ಹೇಳಬೇಕಿತ್ತು. ಈಗ ನಿಜವಾಗಿಯೂ ಹೇಳಬೇಕಿತ್ತು. ಬಾಯಿ ತೆರೆದ. ಹುಂಜದ ಕೂಗು ಹೊರಬಂತು. ಉದ್ದಕ್ಕೆ, ಸ್ಪಷ್ಟವಾಗಿ, ಬೆಳಗಾಯಿತೆಂದು ಸಾರುವಂತೆ.

ಹುಚ್ಚಮ್ಮ ಹೆಣವನ್ನು ಸೆರಗಿಗೆ ಹಾಕಿಕೊಂಡಳು. "ಹೂಳೋದು ನಾನು ಹೂಳ್ತೀನಿ. ಮಾತು ನೀವೇ ಆಡ್ಬೇಕಿತ್ತು," ಎಂದು ಬಾಗಿಲು ಹಾಕಿಕೊಂಡಳು.

ಅವನು ಮತ್ತೊಮ್ಮೆ ಕೂಗಿದ.

ಹಿಂದೆ, ಮೂರು ದಿನದಿಂದ ಏನೂ ತಿನ್ನದ ರಾಕಿ ಕಿವಿ ನಿಮಿರಿಸಿತು. ಹೊಟ್ಟೆಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ, ಅವನ ಕುತ್ತಿಗೆಯನ್ನೇ ನೋಡುತ್ತ ಒಂದು ಹೆಜ್ಜೆ ಮುಂದಿಟ್ಟಿತು.