ವಿಳಾಸ ಕೊಟ್ಟವರು ಯಾರು?

ಕೊಂದವನನ್ನು ಹುಡುಕುವ ಕೆಲಸವೇ ಇರಲಿಲ್ಲ. ಬೆಳಗಿನ ಹತ್ತು ಗಂಟೆಗೆ, ಹೆಂಡತಿಯ ಶವದ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ನಮಗಾಗಿ ಕಾಯುತ್ತಿದ್ದ. ಚಾಕುವನ್ನು ಅವಳ ಬಟ್ಟೆಗೇ ಒರೆಸಿದ್ದ.

ಹುಡುಕಬೇಕಾಗಿದ್ದದ್ದು ಬೇರೆ. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸರನ್ನು ಬಚ್ಚಿಡುವ ಮನೆ ಅದು. ಬಾಗಿಲಿಗೆ ಬೋರ್ಡಿಲ್ಲ, ವಿಳಾಸ ಯಾವ ಕಾಗದದಲ್ಲೂ ಇಲ್ಲ. ಎರಡು ವರ್ಷ ಊರೆಲ್ಲ ಜಾಲಾಡಿ ಸೋತವನು ಇವತ್ತು ನೆಟ್ಟಗೆ ಬಂದು ಬಾಗಿಲು ತಟ್ಟಿದ್ದ—ಹೇಗೆ? ಯಾರೋ ಹೇಳಿದರು ಎಂದವನು ಮತ್ತೆ ಬಾಯಿ ಬಿಡಲಿಲ್ಲ.

ಒಳಗಿನ ಹೆಂಗಸರನ್ನು ಬಿಟ್ಟರೆ ವಿಳಾಸ ಗೊತ್ತಿದ್ದವರು ಇಬ್ಬರೇ. ಒಬ್ಬ, ಹೋದ ತಿಂಗಳು ಕೆಲಸ ಕಳೆದುಕೊಂಡ ಡ್ರೈವರ್. ಇನ್ನೊಬ್ಬಳು, ಒಂಬತ್ತು ವರ್ಷದಿಂದ ಮನೆ ನಡೆಸುತ್ತಿದ್ದ ಮೇಲ್ವಿಚಾರಕಿ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಹೊರದೇಶದ ನೆರವಿನಿಂದ. ನೆರವು ನಿಂತಿದೆ ಎಂಬ ಪತ್ರ ಗೋಡೆಯ ಮೇಲಿತ್ತು. ಮೂರೇ ಸಾಲು. ಕೊನೆಯ ಸಾಲು, ನಿಮ್ಮ ಅಮೂಲ್ಯ ಸೇವೆಗೆ ಧನ್ಯವಾದ. ಧನ್ಯವಾದವಂತೆ! ಮೊದಲು ಡ್ರೈವರ್ ಹೋದ, ತಿಂಗಳ ಕೊನೆಗೆ ಮನೆಯೇ ಹೋಗುವುದಿತ್ತು.

ನಾನು ಬರೀ ಕಾನ್‌ಸ್ಟೇಬಲ್. ನನ್ನ ಅನುಮಾನವೆಲ್ಲ ಡ್ರೈವರ್ ಮೇಲೆ. ಕರೆಸಿದಾಗ ಅವನು ಕೂರಲೂ ಇಲ್ಲ.

“ಅವಳನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದವನೇ ನಾನು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನಾನ್ಯಾಕೆ ಹೇಳ್ಲಿ?”

ಎಲ್ಲರೂ ಹೀಗೇ ಹೇಳುತ್ತಾರೆ ಎಂದುಕೊಂಡೆ. ನಮ್ಮ ಇನ್‌ಸ್ಪೆಕ್ಟರ್ ಮೇಡಂ ಮಾತ್ರ ಅವನನ್ನು ಕಳಿಸಿ ಮತ್ತೊಮ್ಮೆ ತಾರಸಿ ಹತ್ತಿದರು. ಅಲ್ಲಿ ತಂತಿಯ ಮೇಲೆ ಒಂದು ಬೆಡ್‌ಶೀಟ್ ಒಣಗುತ್ತಿತ್ತು. ನಾನು ಅದರಡಿ ತಲೆ ಬಗ್ಗಿಸಿ ದಾಟಿದೆ, ಅಷ್ಟೇ.

ಕೆಳಗೆ ದೊಡ್ಡಮ್ಮ ಬಿಕ್ಕುತ್ತಿದ್ದಳು. ಸತ್ತವಳೇ ಗಂಡನ ಹತ್ತಿರ ಹೋಗಲು ಮನಸ್ಸು ಮಾಡಿ ಅವನನ್ನು ಕರೆಸಿಕೊಂಡಿರಬೇಕು ಎಂದಳು. ಮೇಡಂ ಸತ್ತವಳು ಬೆಳಿಗ್ಗೆ ಕೂತಿದ್ದ ಹೊಲಿಗೆ ಯಂತ್ರದ ಕಡೆ ಕೈ ತೋರಿಸಿದರು. ಅಂಗಿಗೆ ಒಂದು ತೋಳು ಕೂಡಿತ್ತು. ಇನ್ನೊಂದು ತೋಳಿನಲ್ಲಿ ಸೂಜಿ ಇನ್ನೂ ಕಚ್ಚಿಕೊಂಡೇ ಇತ್ತು. ಹೊರಡುವವಳು ಹೀಗೆ ಬಿಟ್ಟಿರುತ್ತಾಳೆಯೇ?

“ಇಲ್ಲಿ ಬೆಡ್‌ಶೀಟ್ ಯಾವಾಗ ಒಗೀತೀರಿ?”

“ಭಾನುವಾರ.”

“ಮಧ್ಯದಲ್ಲಿ?”

“ಯಾರಾದ್ರೂ ಮನೆ ಬಿಟ್ಟು ಹೋದ್ರೆ...” ದೊಡ್ಡಮ್ಮನ ಮಾತು ಅಲ್ಲೇ ನಿಂತಿತು.

“ಇವತ್ತು ಗುರುವಾರ,” ಎಂದರು ಮೇಡಂ. “ಮೇಲಿರೋ ಶೀಟಿನ ಮೂಲೇಲಿ ಅವಳ ಮಂಚದ ನಂಬರಿದೆ. ನಾವು ಬಂದ ಕೂಡಲೇ ಮೇಲೆ ಹೋಗಿ ನೋಡಿದಾಗಲೇ ಅರ್ಧ ಒಣಗಿತ್ತು. ಅವಳು ಕೆಳಗೆ ಹೊಲೀತಾ ಕೂತಿದ್ದಾಗ ನೀವು ಒಗೆದು ಹಾಕಿದೀರಿ. ಅವಳು ಹೋಗ್ತಾಳೆ ಅಂತ ಅವಳಿಗೇ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು.”

ದೊಡ್ಡಮ್ಮ ಅಳು ನಿಲ್ಲಿಸಿದಳು. ಮುಖ ಒರೆಸಿಕೊಂಡಳು.

“ಈ ಮನೆ ಮುಚ್ಚಿದ ಮೇಲೆ ಸರ್ಕಾರದ ಆಶ್ರಯ ಮನೆಯೋರು ಎಂಟೇ ಜನರನ್ನ ತಗೊಳ್ತೀವಿ ಅಂದ್ರು. ನನ್ನ ಹತ್ರ ಹನ್ನೊಂದು ಜನ ಇದ್ರು. ಬೀದಿಗೆ ಬಿಡ್ಲಾ? ಮಕ್ಕಳಿಲ್ಲದ ಮೂರು ಜನರ ಗಂಡಂದಿರಿಗೆ ಫೋನ್ ಮಾಡ್ದೆ. ಇವಳ ಗಂಡ ಫೋನಲ್ಲಿ ಅತ್ತ. ಬದಲಾಗಿದೀನಿ ಅಂದ. ನೀವಾಗಿದ್ರೆ ಯಾವ ಮೂರು ಜನರನ್ನ ಆರಿಸ್ತಿದ್ರಿ ಮೇಡಂ?”

ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ನಾನೂ ಮನಸ್ಸಿನಲ್ಲೇ ಮೂವರನ್ನು ಆರಿಸತೊಡಗಿದ್ದೆ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಮೇಡಂ ಕೇಳಿದ್ದು ಒಂದೇ. “ಉಳಿದಿಬ್ಬರು ಎಲ್ಲಿ?”

“ನಿನ್ನೆಯೇ ಗಂಡಂದಿರು ಬಂದು ಕರ್ಕೊಂಡು ಹೋದ್ರು.”

ಮೇಡಂ ಅವಳಿಂದ ನಂಬರ್ ಪಡೆದು ಅಲ್ಲೇ ನಿಂತು ಫೋನ್ ಹಚ್ಚಿದರು. ಮೊದಲನೆಯವಳು ತಾನೇ ಎತ್ತಿ, ಚೆನ್ನಾಗಿದ್ದೇನೆ ಎಂದು ಪಿಸುಗುಟ್ಟಿ ಇಟ್ಟುಬಿಟ್ಟಳು. ಎರಡನೆಯದನ್ನು ಗಂಡ ಎತ್ತಿದ. ಮೇಡಂ ತಾವು ಪೊಲೀಸೆಂದು ಹೇಳಿ, ಹೆಂಡತಿಗೆ ಫೋನ್ ಕೊಡಲು ಹೇಳಿದರು. ಮಲಗಿದ್ದಾಳೆ ಎಂದ. ಹೊತ್ತು ಹನ್ನೆರಡಾಗಿತ್ತು. ಎಬ್ಬಿಸಿ ಎಂದರು.

“ಇರ್ಲಿ ಬಿಡಿ ಮೇಡಂ,” ಎಂದ ಅವನು. “ಇನ್ಮೇಲೆ ಅವಳು ಎಲ್ಲೂ ಹೋಗಲ್ಲ.”

ಜೀಪಿಗೆ ಓಡಿದೆವು. ಅವನ ಊರು ಎರಡು ಗಂಟೆಯ ದಾರಿ.