ಮೂರನೇ ವರ್ಷ ಯಾರು ಪಾಠ ಮಾಡ್ತಾರೆ?

ಮೇಜಿನ ಮೇಲೆ ಹಸಿರು ಬಟ್ಟೆ ಹಾಸುತ್ತಿದ್ದ ಇಂಗ್ರಿಡ್‌ಗೆ, ಪಕ್ಕದ ಮೇಜಿನ ಹತ್ತಿರ ಬಂದು ನಿಂತವರು ಯಾರೆಂದು ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಆ ಕೆಮ್ಮು ಗೊತ್ತಿತ್ತು. ಮಾತು ಶುರುಮಾಡಲು ಧೈರ್ಯ ಸಾಲದಿದ್ದಾಗ ಎಲ್ಲಿಸ್ ಹಾಗೇ ಕೆಮ್ಮುತ್ತಾನೆ.

"ಚೆನ್ನಾಗಿದ್ದೀಯಾ?"

"ನಿನ್ನ ಮುಖ ನೋಡೋವರೆಗೂ ಚೆನ್ನಾಗೇ ಇದ್ದೆ."

"ಹನ್ನೊಂದು ತಿಂಗಳಾಯ್ತು, ಇಂಗ್ರಿಡ್..."

"ಎಣಿಸ್ತಾ ಕೂತಿದ್ದೀಯಾ? ಬೇರೆ ಕೆಲಸ ಇಲ್ವಾ? ಓ, ಇದೆಯಲ್ಲ! ಬೇರೆಯವರು ಮೂರು ವರ್ಷ ಬೆನ್ನುಬಿದ್ದು ಒಪ್ಪಿಸಿದ ವಿದ್ಯಾರ್ಥಿಗಳನ್ನ ಎತ್ತಾಕ್ಕೊಂಡು ಹೋಗೋದು."

ಎಲ್ಲಿಸ್ ತನ್ನ ಡಬ್ಬ ಬಿಚ್ಚಿ ಪೆನ್ನುಗಳನ್ನು ಸಾಲಾಗಿ ಜೋಡಿಸತೊಡಗಿದ. ಅವನ ಟೈ ಎಂದಿನಂತೆ ಎಡಕ್ಕೆ ವಾಲಿತ್ತು. ಅದನ್ನು ಸರಿಮಾಡಲು ಕೈ ತಾನಾಗಿ ಮುಂದೆ ಹೋದದ್ದಕ್ಕೆ ಇಂಗ್ರಿಡ್ ತನ್ನ ಕೈಯನ್ನೇ ಶಪಿಸಿದಳು.

ಕಾಲೇಜು ಮೇಳ ನಡೆಯುವ ಶಾಲೆಯ ಜಿಮ್ನಾಸಿಯಂನಲ್ಲಿ ಕಾಲೇಜುಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಮೇಜು ಹಾಕುವುದು ಪದ್ಧತಿ. ಟಾಲ್‌ಗ್ರೋವ್ ಆದಮೇಲೆ ಟೆನ್ನಿಕ್. ಎರಡೂ ಒಂಬೈನೂರು ವಿದ್ಯಾರ್ಥಿಗಳ ಕಲೆ, ವಿಜ್ಞಾನ ಎರಡನ್ನೂ ಕಲಿಸುವ ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜುಗಳು. ಪಕ್ಕದ ಜಿಲ್ಲೆಯವರೂ ಹೆಸರು ಕೇಳಿರುವುದಿಲ್ಲ. ಇಂಗ್ರಿಡ್ ಟಾಲ್‌ಗ್ರೋವ್ ಪರವಾಗಿ, ಎಲ್ಲಿಸ್ ಟೆನ್ನಿಕ್ ಪರವಾಗಿ ಅಮೆರಿಕದ ನೆಬ್ರಾಸ್ಕಾದ ಊರೂರು ಸುತ್ತಿ ವಿದ್ಯಾರ್ಥಿಗಳನ್ನು ಸೇರಿಸುವ ಕೆಲಸದವರು. ಹಾಗಾಗಿ ಎಲ್ಲಿ ಹೋದರೂ ಅಕ್ಕಪಕ್ಕ.

ಅಕ್ಕಪಕ್ಕ ಕೂತು ಕೂತೇ ಅದು ಆಗಿಹೋಗಿತ್ತು. ಎರಡು ಶರತ್ಕಾಲ, ಒಂದೇ ರಸ್ತೆಗಳು, ಒಂದೇ ಮೋಟೆಲ್‌ಗಳು. ಬೆಳಿಗ್ಗೆ ತಿಂಡಿಗೆ ವಾಫಲ್ ಸುಡುವ ಯಂತ್ರದ ಮುಂದೆ ಅವನು ಮೊದಲು ಬಂದು ನಿಂತು, ಮೊದಲ ವಾಫಲ್ ಅವಳ ತಟ್ಟೆಗೆ ಹಾಕುತ್ತಿದ್ದ. ಅವಳು ಯಾರಾದರೂ ತಂದೆತಾಯಿಯ ಜೊತೆ ಮಾತಾಡುವಾಗ ಅವಳ ಬಾಯನ್ನೇ ನೋಡುತ್ತಿದ್ದು, ಸಿಕ್ಕಿಬಿದ್ದರೆ ಪೆನ್ನುಗಳನ್ನು ಎಣಿಸುವವನಂತೆ ನಟಿಸುತ್ತಿದ್ದ. ಅವಳೂ ಬೇಕೆಂದೇ ನಿಧಾನವಾಗಿ ಮಾತಾಡುತ್ತಿದ್ದಳು.

ಆ ದಿನಗಳಲ್ಲೇ ಅವಳು ಅವನಿಗೆ ಲೀಡಿಯಾಳ ಕಥೆ ಹೇಳಿದ್ದು. ಲೀಡಿಯಾ ಇದೇ ಶಾಲೆಯ ಹುಡುಗಿ, ಕಲ್ಲುಗಳ ಹುಚ್ಚಿ. ಮೂರು ವರ್ಷ ಇಂಗ್ರಿಡ್ ಅವಳಿಗೆ ಕೈಯಾರೆ ಪತ್ರ ಬರೆದು, ಟಾಲ್‌ಗ್ರೋವ್‌ನ ಭೂವಿಜ್ಞಾನ ವಿಭಾಗ ತೋರಿಸಿ, ಒಪ್ಪಿಸಿಯೂ ಆಗಿತ್ತು. ಹೋದ ಮೇ ಒಂದರಂದು, ಒಪ್ಪಿಗೆಯ ಗಡುವು ಮುಗಿಯುವ, ಎಲ್ಲರೂ ತಾವು ಸೇರುವ ಕಾಲೇಜಿನ ಅಂಗಿ ತೊಟ್ಟು ಬರುವ ದಿನ, ಲೀಡಿಯಾ ತೊಟ್ಟಿದ್ದು ಟೆನ್ನಿಕ್‌ನ ನೀಲಿ ಅಂಗಿ.

ಬೆನ್ನಿಗೆ ಚೂರಿ ಹಾಕುವವರು ಇಷ್ಟು ಪ್ರೀತಿಯಿಂದ ವಾಫಲ್ ಬಡಿಸುತ್ತಾರೆಂದು ಇಂಗ್ರಿಡ್‌ಗೆ ಗೊತ್ತಿರಲಿಲ್ಲ. ಅಂದಿನಿಂದ ಅವನ ಫೋನ್ ಎತ್ತಲಿಲ್ಲ. ಟೆನ್ನಿಕ್ ಮುದ್ರೆಯ ಲಕೋಟೆಗಳು ಬಂದರೆ ಒಡೆಯದೆ ಕಸದ ಬುಟ್ಟಿಗೆ ಹಾಕಿದಳು. ಹನ್ನೊಂದು ತಿಂಗಳು ಕತ್ತಿ ಮಸೆದಳು.

ಆ ಕತ್ತಿಯ ಹೆಸರು ಪೆಟ್ರಾ. ಟೆನ್ನಿಕ್‌ಗೆ ಸೇರಿಸಿಕೊಳ್ಳಲು ಎಲ್ಲಿಸ್ ಎರಡು ವರ್ಷದಿಂದ ಬೆನ್ನುಹತ್ತಿದ್ದ ಹುಡುಗಿ. ಲ್ಯಾಟಿನ್ ಎಂದರೆ ಪ್ರಾಣ, ಜೊತೆಗೆ ಜೀವಶಾಸ್ತ್ರವೂ ಬೇಕು. ಕಳೆದ ಚಳಿಗಾಲವೆಲ್ಲ ಇಂಗ್ರಿಡ್ ಅವಳಿಗೆ ವಾರಕ್ಕೊಂದು ಪತ್ರ ಬರೆದಿದ್ದಳು. ಇವತ್ತು ಅವಳು ಬರುತ್ತಾಳೆ. ಎಲ್ಲಿಸ್‌ನ ಕಣ್ಣೆದುರಿಗೇ ಟಾಲ್‌ಗ್ರೋವ್‌ಗೆ ಒಪ್ಪಿಗೆ ಹೇಳುತ್ತಾಳೆ.

"ಯಾಕೆ ನಗ್ತಿದ್ದೀಯಾ?" ಎಲ್ಲಿಸ್ ಕೇಳಿದ.

"ನಿನಗೆ ಮಣ್ಣು ಮುಕ್ಕಿಸೋ ದಿನ ಇವತ್ತು. ನಗಬಾರದಾ?"

"ನಗು. ನಕ್ಕರೆ ಚೆನ್ನಾಗಿ ಕಾಣ್ತೀಯ."

"ಬಾಯಿ ಮುಚ್ಕೊಂಡು ಪೆನ್ನು ಜೋಡಿಸು."

ಹನ್ನೊಂದು ಗಂಟೆಗೆ ಬಾಗಿಲು ತೆರೆಯಿತು. ಪೆಟ್ರಾ ನೊವಾಚೆಕ್ ತನ್ನ ಅಪ್ಪನ ಜೊತೆ ನೇರ ಹಸಿರು ಮೇಜಿಗೇ ಬಂದಳು. ಅಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಬಾಗಿಲ ಬಳಿ ಕೊಂಡ, ಪ್ಲಮ್ ಹಣ್ಣು ತುಂಬಿದ ಕೊಲಾಚೆ ಬನ್ನು.

"ನೋಡಿ ಮೇಡಂ," ಎಂದ ಅವನು, ಬನ್ನನ್ನು ಕಚ್ಚುತ್ತ, "ಸತ್ತುಹೋದ ಭಾಷೆ ಕಲೀತಾಳಂತೆ. ನನ್ನ ಅಂಗಡೀಲಿ ಸತ್ತ ಎಂಜಿನ್‌ಗಳಿಗೇನು ಕಮ್ಮಿ ಅಂದೆ, ಅವುಗಳ ಜೊತೇನೇ ಮಾತಾಡು ಅಂದೆ. ಕೇಳಲ್ಲ."

"ಅಪ್ಪಾ, ಮಾನ ಕಳೀಬೇಡ!" ಪೆಟ್ರಾ ಕೆಂಪಾದಳು. ಆಮೇಲೆ ಇಂಗ್ರಿಡ್ ಕಡೆ ತಿರುಗಿ, "ಮೇಡಂ, ನಿಮ್ಮ ಪತ್ರಗಳನ್ನೆಲ್ಲ ಇಟ್ಕೊಂಡಿದ್ದೀನಿ. ಟಾಲ್‌ಗ್ರೋವ್‌ಗೇ ಬರೋಣ ಅಂತ ಮನಸ್ಸು ಮಾಡಿದ್ದೀನಿ," ಎಂದಳು.

ಇಂಗ್ರಿಡ್ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಎಲ್ಲಿಸ್‌ನ ಕೈಯಲ್ಲಿದ್ದ ಪೆನ್ನು ನಿಂತಿತ್ತು. ಮುಖ ಬಾಡಿತ್ತು. ಅವಳ ಹೊಟ್ಟೆ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ, ಆ ಮುಖವನ್ನು ಇನ್ನಷ್ಟು ಹೊತ್ತು ನೋಡುವ ಆಸೆಯಾಯಿತು.

"ಒಂದೇ ಒಂದು ಪ್ರಶ್ನೆ, ಮೇಡಂ. ಮೂರನೇ ವರ್ಷ ನನಗೆ ಲ್ಯಾಟಿನ್ ಪಾಠ ಯಾರು ಮಾಡ್ತಾರೆ?"

ನಿನ್ನೆಯಷ್ಟೇ ಟಾಲ್‌ಗ್ರೋವ್‌ನ ಡೀನ್ ಇಂಗ್ರಿಡ್‌ಳನ್ನು ತಮ್ಮ ಕೋಣೆಗೆ ಕರೆದು ಹೇಳಿದ್ದರು: ಲ್ಯಾಟಿನ್ ಮೇಷ್ಟ್ರು ಡಿಸೆಂಬರ್‌ಗೆ ನಿವೃತ್ತಿ, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಮೇ ಒಂದು ಕಳೆಯುವವರೆಗೆ ಬಾಯಿ ಬಿಡಬೇಡ. ಯಾರಾದರೂ ಕೇಳಿದರೆ 'ನಮ್ಮ ಪಟ್ಟಿಯಲ್ಲಿ ಲ್ಯಾಟಿನ್ ಇದೆ' ಅನ್ನು. ಇದೆ, ಸುಳ್ಳೇನಲ್ಲವಲ್ಲ.

ಒಂದು ವಾಕ್ಯ ಸಾಕಿತ್ತು. ಆ ಒಂದು ವಾಕ್ಯಕ್ಕೆ ಎಲ್ಲಿಸ್ ಮಣ್ಣು ಮುಕ್ಕುತ್ತಿದ್ದ.

"ನಮ್ಮ ಪಟ್ಟಿಯಲ್ಲಿ..." ಎಂದು ಶುರುಮಾಡಿ ಇಂಗ್ರಿಡ್ ನಿಂತಳು. "ಈ ಪ್ರಶ್ನೆ ನಿನಗೆ ಯಾರು ಹೇಳಿಕೊಟ್ರು?"

"ಲೀಡಿಯಾ. ಹೋದ ವರ್ಷ ನಮ್ಮ ಕ್ವಿಜ್ ತಂಡದಲ್ಲಿದ್ದಳು. ಎಲ್ಲೇ ಹೋದ್ರೂ ಇದನ್ನ ಕೇಳು, ಮೇಜಿನ ಹತ್ತಿರ ಕೇಳಿ ಸುಮ್ನಾಗಬೇಡ, ಪಾಠ ಮಾಡೋರಿಗೇ ಫೋನ್ ಮಾಡು ಅಂದಳು. ಅವಳಿಗೆ ಈ ಎಲ್ಲಿಸ್ ಸರ್ರೇ ಹೇಳಿಕೊಟ್ಟಿದ್ರಂತೆ." ಪೆಟ್ರಾ ಎಲ್ಲಿಸ್ ಕಡೆ ಬೆರಳು ತೋರಿಸಿದಳು. "ನಮ್ಮ ಕಾಲೇಜಿಗೆ ಬಾ ಅಂತ ಒಂದು ಮಾತೂ ಆಡಲಿಲ್ಲವಂತೆ. ಫೋನ್ ಮಾಡಿದ್ರೆ ನಿಮ್ಮ ಭೂವಿಜ್ಞಾನದ ಮೇಷ್ಟ್ರೇ ನಿಜ ಹೇಳಿದ್ರಂತೆ, ವಿಭಾಗ ಮುಚ್ತಾರೆ ಅಂತ."

ಇಂಗ್ರಿಡ್ ಎಲ್ಲಿಸ್‌ನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಹೋದ ಏಪ್ರಿಲ್‌ನಲ್ಲಿ ಲೀಡಿಯಾ ಇದೇ ಪ್ರಶ್ನೆ ಕೇಳಿದ್ದಳು. "ನಾಲ್ಕು ವರ್ಷವೂ ಇರ್ತಾರೆ, ನನ್ನ ಮಾತು ನಂಬು," ಎಂದು ಇಂಗ್ರಿಡ್ ಎದೆ ತಟ್ಟಿ ಹೇಳಿದ್ದಳು. ಇಂಗ್ರಿಡ್‌ಗೂ ಆಗ ನಿಜ ಗೊತ್ತಿರಲಿಲ್ಲ. ವಿಭಾಗ ಮುಚ್ಚುವ ಸುದ್ದಿ ಅವಳ ಕಿವಿಗೆ ಬಿದ್ದಿದ್ದು ಆಗಸ್ಟ್‌ನಲ್ಲಿ. ಎಲ್ಲಿಸ್‌ಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು!

ಸಿಟ್ಟು ಕಡಿಮೆಯಾಗಲಿಲ್ಲ, ದುಪ್ಪಟ್ಟಾಯಿತು. ಆದರೆ ಪೆಟ್ರಾ ಉತ್ತರಕ್ಕೆ ಕಾಯುತ್ತಿದ್ದಳು, ಅವಳ ಅಪ್ಪ ಕೊಲಾಚೆ ತಿನ್ನುವುದನ್ನು ನಿಲ್ಲಿಸಿದ್ದ.

"ಯಾರೂ ಮಾಡಲ್ಲ," ಎಂದಳು ಇಂಗ್ರಿಡ್. "ಮೇಷ್ಟ್ರು ಡಿಸೆಂಬರ್‌ಗೆ ಹೋಗ್ತಾರೆ. ಬೇರೆಯವರು ಬರಲ್ಲ. ಇದನ್ನ ನಾನು ನಿನಗೆ ಹೇಳಬಾರದು, ಹೇಳ್ತಿದ್ದೀನಿ."

ಈ ಕೆಲಸದವರಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿದೆ. ತಮ್ಮಲ್ಲಿಲ್ಲದ್ದು ಪಕ್ಕದವರಲ್ಲಿದ್ದರೆ, ವಿದ್ಯಾರ್ಥಿಯನ್ನು ತಾವೇ ಕರೆದೊಯ್ದು ಆ ಮೇಜಿಗೆ ಒಪ್ಪಿಸಬೇಕು. ಮೂರು ಹೆಜ್ಜೆ. ಇಂಗ್ರಿಡ್‌ಗೆ ಅದಕ್ಕಿಂತ ಉದ್ದದ ದಾರಿ ನಡೆದ ನೆನಪಿಲ್ಲ.

"ಇವಳು ಪೆಟ್ರಾ, ನಿನಗೇ ಗೊತ್ತಲ್ಲ. ಅದೇ ಪ್ರಶ್ನೆ ನಿನಗೂ. ಸುಳ್ಳು ಹೇಳಿದ್ರೆ ಇಲ್ಲೇ ಕತ್ತು ಹಿಸುಕ್ತೀನಿ."

"ಒಬ್ಬರೇ ಇದ್ದಾರೆ," ಎಂದ ಎಲ್ಲಿಸ್, ಪೆಟ್ರಾಳಿಗೆ. "ವಯಸ್ಸು ನಲವತ್ತೊಂದು. ಕೆಲಸ ಕಾಯಂ ಆಗಿದೆ. ಸ್ವಲ್ಪ ಸಿಡುಕಿನವರು. ಇದೋ ಅವರ ನಂಬರ್, ನನ್ನನ್ನ ನಂಬಬೇಡ, ಅವರನ್ನೇ ಕೇಳು."

ಅಪ್ಪ ಮಗಳು ಫೋನ್ ಮಾಡಲು ಹೊರಗೆ ಹೋದರು. ಇಂಗ್ರಿಡ್ ಅವನ ಮೇಜಿನ ಮೇಲೆ ಎರಡೂ ಕೈ ಊರಿದಳು.

"ಗೊತ್ತಿತ್ತು ನಿನಗೆ."

"ಹೂಂ."

"ಹೇಗೆ?"

"ನಿಮ್ಮ ಭೂವಿಜ್ಞಾನದ ಮೇಷ್ಟ್ರು ನಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ರು. ಅದರಲ್ಲೇ ಬರೆದಿದ್ರು. ಆಯ್ಕೆ ಸಮಿತೀಲಿ ನಾನಿದ್ದೆ, ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿದ್ದೆ. ನಿನಗೆ ಹೇಳಿದ್ರೆ ಏನ್ಮಾಡ್ತಿದ್ದೆ?"

"ಡೀನ್ ಕೋಣೆ ಬಾಗಿಲು ಒದೀತಿದ್ದೆ."

"ಅದಕ್ಕೇ. ಆ ಮನುಷ್ಯನ ಇದ್ದ ಕೆಲಸವೂ ಹೋಗ್ತಿತ್ತು."

"ನಾನು ಎಷ್ಟು ಮನೆಗಳಲ್ಲಿ ಕೂತು ಸುಳ್ಳು ಹೇಳಿದೆ ಗೊತ್ತಾ? ನಿನ್ನ ಎದುರಿಗೇ ಹೇಳಿದೆ! ನೀನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡೆ!"

"ತಪ್ಪೇ," ಎಂದ ಎಲ್ಲಿಸ್. ಈ ಸಲ ಕೆಮ್ಮಲಿಲ್ಲ. "ಒಂದು ಸಹಿಗೆ ಕೊಟ್ಟ ಬೆಲೆ ನಿನಗೆ ಕೊಡಲಿಲ್ಲ. ಅದನ್ನೇ ನಾಲ್ಕು ಪತ್ರದಲ್ಲಿ ಬರೆದೆ."

ಒಡೆಯದ ಆ ಲಕೋಟೆಗಳ ವಿಷಯ ಇಂಗ್ರಿಡ್ ಹೇಳಲಿಲ್ಲ. ಅವನಿಗೆ ಆಗಲೇ ಅರ್ಥವಾಗಿತ್ತು. ಅವಳು ತನ್ನ ಮೇಜಿಗೆ ಮರಳಿ ಲ್ಯಾಪ್‌ಟಾಪ್ ತೆರೆದು, ಲ್ಯಾಟಿನ್ ಬೇಕೆಂದು ಅರ್ಜಿ ಹಾಕಿದ್ದ ಇಪ್ಪತ್ತಮೂರು ವಿದ್ಯಾರ್ಥಿಗಳಿಗೆ ಒಂದೇ ಸಾಲು ಟೈಪ್ ಮಾಡಿದಳು: ನಮಗೆ ಒಪ್ಪಿಗೆ ಹೇಳುವ ಮುಂಚೆ, ಮೂರನೇ ವರ್ಷ ಯಾರು ಪಾಠ ಮಾಡುತ್ತಾರೆಂದು ನಮ್ಮ ಡೀನ್‌ರನ್ನೇ ಕೇಳಿ. ಕೆಳಗೆ ಡೀನ್‌ರ ನೇರ ನಂಬರ್ ಹಾಕಿದಳು.

"ಕೆಲಸ ಹೋಗುತ್ತೆ," ಎಂದ ಎಲ್ಲಿಸ್, ಅವಳ ಭುಜದ ಹಿಂದಿನಿಂದ ಓದುತ್ತ.

"ಹೋಗ್ಲಿ. ಸೋಮವಾರ ಅವರ ಫೋನ್ ಬಡ್ಕೊಳ್ಳೋ ಸದ್ದು ನನಗೆ ಇಲ್ಲಿವರೆಗೂ ಕೇಳಿಸಬೇಕು." ಅವಳು ಗುಂಡಿ ಒತ್ತಿದಳು. ಅಬ್ಬಾ, ಎಂಥ ಸುಖ! ಹನ್ನೊಂದು ತಿಂಗಳ ಸೇಡು ಕೊನೆಗೂ ಸರಿಯಾದ ಮನೆಯ ಬಾಗಿಲು ತಟ್ಟಿತ್ತು.

ಮಧ್ಯಾಹ್ನ ಜಿಮ್ನಾಸಿಯಂ ಖಾಲಿಯಾಯಿತು. ಅವಳು ತನ್ನ ಡಬ್ಬ ಕಾರಿಗೆ ತುಂಬುತ್ತಿದ್ದಾಗ ಅವನು ಬಂದು ನಿಂತ. ಗಾಳಿಗೆ ಅವಳ ಕೂದಲು ಮುಖಕ್ಕೆ ಬೀಳುತ್ತಿತ್ತು. ಸರಿಸಲೋ ಬೇಡವೋ ಎಂಬಂತೆ ಅವನ ಬೆರಳುಗಳು ಅರ್ಧ ದಾರಿಗೆ ಬಂದು ನಿಂತವು.

"ಡೀನ್ ಮೇಲಿನ ಸೇಡು ಮುಗೀತು," ಎಂದಳು ಇಂಗ್ರಿಡ್. "ನಿನ್ನ ಮೇಲಿಂದು ಬಾಕಿ ಇದೆ."

"ಏನು ಶಿಕ್ಷೆ?"

"ಹನ್ನೊಂದು ತಿಂಗಳು, ದಿನಕ್ಕೊಂದು, ನನಗೆ ಗೊತ್ತಿಲ್ಲದ ನಿಜ ಹೇಳಬೇಕು. ಒಂದು ದಿನ ತಪ್ಪಿದ್ರೂ ಮತ್ತೆ ಮೊದಲಿಂದ. ಈಗಲೇ ಶುರು."

ಅವನು ಯೋಚಿಸಿದ. "ಚಳಿಗಾಲದಲ್ಲಿ ಮೂರು ಸಲ ಟಾಲ್‌ಗ್ರೋವ್‌ಗೆ ಬಂದಿದ್ದೆ. ನಾಲ್ಕು ಗಂಟೆ ದಾರಿ. ನಿನ್ನ ಆಫೀಸಿನ ಮುಂದೆ ಕಾರಲ್ಲೇ ಕೂತು ವಾಪಸ್ ಹೋದೆ."

"ಒಳಗೆ ಬರೋಕೇನಾಗಿತ್ತು, ಕೋಡಂಗಿ?"

"ನಿನ್ನ ಸಿಟ್ಟು ನೋಡಿದ್ದೀನಲ್ಲ."

ಅವಳಿಗೆ ನಗು ಬಂತು, ತಡೆದಳು. ಕಣ್ಣಲ್ಲಿ ನೀರೂ ಬಂತು, ಅದನ್ನು ತಡೆಯಲಾಗಲಿಲ್ಲ. ವಾಲಿದ್ದ ಅವನ ಟೈ ಹಿಡಿದು ತನ್ನತ್ತ ಎಳೆದುಕೊಂಡಳು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ.

"ನಾಳೆದನ್ನೂ ಈಗಲೇ ಹೇಳು."

"ನಿನ್ನನ್ನ ಪ್ರೀತಿಸ್ತೀನಿ."

"ಅದು ಗೊತ್ತಿರೋ ವಿಷಯ. ಲೆಕ್ಕಕ್ಕಿಲ್ಲ," ಎಂದಳು ಇಂಗ್ರಿಡ್, ಟೈ ಬಿಡದೆ. "ಬೇರೆ ಹೇಳು."